ಬಟಾಣಿ ಸುಲಿಯುವವಳ ಬಿಗಿ ತುಟಿ

ದೇವರು ಒಂದು ಮುಖವನ್ನು ಮಾಡಿ ಭೂಮಿಗೆ ಕಳಿಸಿದ ಮೇಲೆ, ಅಯ್ಯೋ ಮೂಗು ಸ್ವಲ್ಪ ಉದ್ದವಾಯಿತಲ್ಲ ಎಂದು ಅದರ ಬೆನ್ನು ಹತ್ತಿ ಓಡಿ ಬರುವುದಿಲ್ಲ. ಆದದ್ದು ಆಯಿತೆಂದು ಕೈ ತೊಳೆದುಕೊಂಡು ಮುಂದಿನ ಮುಖಕ್ಕೆ ಕೂರುತ್ತಾನೆ. ಆ ದೊಡ್ಡ ಮನಸ್ಸು ಚಿತ್ರಗಾರರಿಗೆ ಬರುವುದು ಕಷ್ಟ. ಇನ್ನೊಂಚೂರಪ್ಪನಿಗಂತೂ ಅದು ಎಳ್ಳಷ್ಟೂ ಬಂದಿರಲಿಲ್ಲ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಚಿತ್ರಗಳ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಉಳಿದುಕೊಂಡಿತೇ ಹೊರತು ಜನರ ಬಾಯಲ್ಲಿ ಉಳಿಯಲಿಲ್ಲ. ಚಿತ್ರ ಮುಗಿಯಿತೇ ಎಂದು ಯಾರು ಯಾವಾಗ ಕೇಳಿದರೂ ಅವನದು ಒಂದೇ ಉತ್ತರ: ಇನ್ನೊಂಚೂರು. ಮದುವೆಗೆಂದು ಬರೆಯಲು ಹೇಳಿದ ವಧೂವರರ ಚಿತ್ರ ಅವರ ಮಗಳು ಶಾಲೆಗೆ ಸೇರುವ ಹೊತ್ತಿಗೆ ಮನೆ ಸೇರಿತು. ಅಷ್ಟರಲ್ಲಿ ವರನ ತಲೆಗೂದಲು ಚಿತ್ರದಲ್ಲಿ ಮಾತ್ರ ಉಳಿದಿತ್ತು. ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು ತಮ್ಮ ಭಾವಚಿತ್ರ ಗೋಡೆಗೇರಿದ ಸಂತೋಷಕ್ಕೆ ಅವನನ್ನು ಊಟಕ್ಕೆ ಕರೆದರು. ಕೈ ತೊಳೆಯಲು ಎದ್ದ ಅತಿಥಿ ಎಷ್ಟು ಹೊತ್ತಾದರೂ ಬರಲಿಲ್ಲವಲ್ಲ ಎಂದು ಹೋಗಿ ನೋಡಿದರೆ, ಪುಣ್ಯಾತ್ಮ ನಡುಮನೆಯಲ್ಲಿ ಕುರ್ಚಿ ಹತ್ತಿ ನಿಂತು ಸಾಹುಕಾರರ ಎಡಮೀಸೆಗೆ ಬಣ್ಣ ಹಚ್ಚುತ್ತಿದ್ದ. ಅಂದಿನಿಂದ ಅವನನ್ನು ಊಟಕ್ಕೆ ಕರೆಯುವವರು ಚಿತ್ರವಿಲ್ಲದ ಕೋಣೆ ನೋಡಿ ತಟ್ಟೆ ಇಡುತ್ತಿದ್ದರು.

ಇಂಥವನಿಗೆ ಹೆಸರು ತಂದುಕೊಟ್ಟ ಚಿತ್ರ ‘ಬಟಾಣಿ ಸುಲಿಯುವವಳು’. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಕೆಂಪು ಶಾಲು ಹೊದ್ದ ಹೆಂಗಸೊಬ್ಬಳು ಕೂತಿದ್ದಾಳೆ. ಮಡಿಲಲ್ಲಿ ಹಸಿ ಬಟಾಣಿಯ ರಾಶಿ. ಅವಳು ಬೇರೆ ಯಾರೂ ಅಲ್ಲ, ಇನ್ನೊಂಚೂರಪ್ಪನ ಹೆಂಡತಿ. ಚಿತ್ರ ಈಗ ನಗರದ ಚಿತ್ರಶಾಲೆಯಲ್ಲಿದೆ, ಹಿಂದಿನ ಕಾಲದ ಮಹಾ ಮಹಾ ಚಿತ್ರಗಾರರ ಕೋಣೆಯ ಮಗ್ಗುಲಲ್ಲೇ. ಬಟಾಣಿ ನೋಡಿದರೆ ಕೈ ಹಾಕಿ ಬಾಯಿಗೆ ಎಸೆದುಕೊಳ್ಳಬೇಕು ಅನ್ನಿಸುತ್ತದೆ. ಆದರೆ ಮುಖ ನೋಡಿದರೆ ಕೈ ಹಿಂದಕ್ಕೆ ಬರುತ್ತದೆ. ಅಷ್ಟು ಬಿಗಿ. ಬಲ್ಲವರು ಅದರ ಮುಂದೆ ನಿಂತು ಬಾಳಿನ ಭಾರ, ಹೆಣ್ಣಿನ ಮೌನ ಎಂದೆಲ್ಲ ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಮಕ್ಕಳನ್ನು ಕರೆತರುವ ಮೇಷ್ಟ್ರುಗಳಿಗೆ ಅದರ ಉಪಯೋಗ ಬೇರೆ ಇತ್ತು. ಗಲಾಟೆ ಮಾಡಿದವರನ್ನು ಒಂದು ಗಳಿಗೆ ಅವಳೆದುರು ನಿಲ್ಲಿಸಿದರೆ ಸಾಕು, ತೆಪ್ಪಗಾಗುತ್ತಿದ್ದರು.

ನಿಜವಾದ ಹೆಂಡತಿಯಾದರೋ ನಗುವುದಕ್ಕೇ ಹುಟ್ಟಿದವಳು. ಪಾತ್ರೆ ಬಿದ್ದರೆ ನಗುತ್ತಿದ್ದಳು, ತಾನೇ ಬಿದ್ದರೂ ನಗುತ್ತಿದ್ದಳು. ಈ ಒಂದು ಚಿತ್ರದ ವಿಷಯ ಬಂದಾಗ ಮಾತ್ರ ಗಂಡನನ್ನು ಹುರಿದು ಹಾಕುತ್ತಿದ್ದಳು. ಲೋಕಕ್ಕೆಲ್ಲ ನನ್ನನ್ನು ಸಿಡುಕಿ ಮಾಡಿ ಕೂರಿಸಿದಿರಿ, ತರಕಾರಿಯವನು ಕೂಡ ನನ್ನ ಹತ್ತಿರ ಚೌಕಾಸಿ ಮಾಡಲು ಹೆದರುತ್ತಾನೆ ಎನ್ನುವಳು. ನೆಂಟರು ಬಂದರೆ ಚಿತ್ರಶಾಲೆಗೆ ಕರೆದೊಯ್ದು, ಚಿತ್ರದ ಪಕ್ಕದಲ್ಲಿ ಅದೇ ಮುಖ ಮಾಡಿಕೊಂಡು ನಿಂತು, ಆಮೇಲೆ ಮನೆಗೆ ಬರುವತನಕ ದಾರಿಯುದ್ದಕ್ಕೂ ನಗುವಳು. ಇನ್ನೊಂಚೂರಪ್ಪ ಮಾತ್ರ ತಲೆ ತಗ್ಗಿಸಿಕೊಂಡು ಹಿಂದೆ ಹಿಂದೆ ಬರುತ್ತಿದ್ದ. ತನ್ನ ಕೈಯಿಂದ ಅನ್ಯಾಯವಾಗಿದೆ ಎಂಬುದು ಅವನಿಗೆ ಒಳಗೊಳಗೇ ಮುಳ್ಳಿನಂತೆ ಚುಚ್ಚುತ್ತಿತ್ತು.

ಕೊನೆಗೆ ಅವಳು ಹಾಸಿಗೆ ಹಿಡಿದಳು. ಹೋಗುವ ದಿನ, ಬೆಳಗಿನ ಬಿಸಿಲು ಹೊದಿಕೆಯ ಮೇಲೆ ಬಿದ್ದಿದ್ದಾಗ, ಅವನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು:

“ಆ ಬಟಾಣಿಯವಳನ್ನ ಒಂಚೂರು ನಗಿಸಿಬಿಡ್ರಿ. ನಾನು ಅಲ್ಲಿ ಹಾಗೇ ಕೂತಿರೋಕಾಗಲ್ಲ.”

ಅವನು ಹೂಂ ಎಂದ. ಅವಳು ಆ ಹೂಂ ಅನ್ನು ಜೊತೆಗೆ ತೆಗೆದುಕೊಂಡು ಹೊರಟುಹೋದಳು.

ಕೊಟ್ಟ ಮಾತು ಕೇಳಿಸಿಕೊಂಡವರು ಇಲ್ಲದಾದ ಮೇಲೆ ಅದರ ತೂಕ ಹೆಚ್ಚುತ್ತದೆ. ಇನ್ನೊಂಚೂರಪ್ಪ ಎಷ್ಟೋ ತಿಂಗಳು ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದ ದಿನ ನೇರವಾಗಿ ಚಿತ್ರಶಾಲೆಯ ಮುಖ್ಯಸ್ಥರ ಬಳಿ ಹೋಗಿ, ತನ್ನ ಚಿತ್ರದ ಬಾಯಿಯನ್ನು ಸ್ವಲ್ಪ ತಿದ್ದಲು ಅಪ್ಪಣೆ ಕೇಳಿದ. ಮುಖ್ಯಸ್ಥರು ಬಹಳ ಮರ್ಯಾದಸ್ಥರು. ಕುರ್ಚಿ ಕೊಟ್ಟರು, ಕುಡಿಯಲು ಕೊಟ್ಟರು, ಅಪ್ಪಣೆ ಮಾತ್ರ ಕೊಡಲಿಲ್ಲ. ಗೋಡೆಗೇರಿದ ಚಿತ್ರ ಬರೆದವನದಲ್ಲ ಸ್ವಾಮಿ, ನೋಡುವವರದು ಎಂದರು. ಇನ್ನೊಂಚೂರಪ್ಪ ಕೈ ಮುಗಿದು ಎದ್ದ. ಬಾಗಿಲು ದಾಟುವಷ್ಟರಲ್ಲಿ ಕಳ್ಳನಾಗಿದ್ದ.

ಕಳ್ಳತನಕ್ಕೆ ಜೊತೆ ಸಿಕ್ಕವಳು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೇ ಬಂದು ನೆಲೆ ನಿಂತವಳು. ನಶ್ಯ ಏರಿಸುವ ಅಭ್ಯಾಸವಿತ್ತು, ಮಾತು ಕಟ್ಟುವುದರಲ್ಲಿ ಎತ್ತಿದ ಕೈ. ತಮ್ಮ ಸಂಕೋಚದಿಂದ ವಿಷಯ ತೆಗೆದಾಗ ಅವಳು ಛೀ ಎನ್ನಲಿಲ್ಲ, ಯಾಕೆ ಎನ್ನಲಿಲ್ಲ. ಯಾವತ್ತು ಹೋಗೋಣ ಎಂದಳು.

ಉಪಾಯ ಸರಳವಾಗಿತ್ತು. ಅಕ್ಕನ ನಶ್ಯದ ಡಬ್ಬಿಯೊಂದನ್ನು ತೊಳೆದು ಅದರಲ್ಲಿ ತುಟಿಯ ಬಣ್ಣ. ಕೋಟಿನ ತೋಳಿನೊಳಗೆ ತೆಳ್ಳನೆಯ ಕುಂಚ. ಮಧ್ಯಾಹ್ನ ಜನ ಕಡಿಮೆ ಇರುವಾಗ ಇಬ್ಬರೂ ಒಳಗೆ ಹೋಗುವುದು. ಕಾವಲುಗಾರನೊಬ್ಬನೇ ಇರುತ್ತಿದ್ದ, ದಪ್ಪ ಮೈ, ನೋಯುವ ಮಂಡಿ, ಕೇಳುವ ಕಿವಿ. ಅಕ್ಕ ಅವನನ್ನು ಹಳಬರ ಕೋಣೆಗೆ ಕರೆದುಕೊಂಡು ಹೋಗಿ, ಯಾವುದಾದರೂ ದೊಡ್ಡ ಚಿತ್ರದ ಮುಂದೆ ನಿಲ್ಲಿಸಿ, ಅದನ್ನು ಬರೆದ ಮಹಾನುಭಾವನ ಚರಿತ್ರೆ ಹೇಳುವಳು. ಅಷ್ಟರಲ್ಲಿ ತಮ್ಮ ತುಟಿಯ ಕೆಲಸ ಮುಗಿಸಬೇಕು.

ಆ ಚರಿತ್ರೆಗಳಲ್ಲಿ ಒಂದು ಅಕ್ಷರವೂ ನಿಜವಿರಲಿಲ್ಲ. ಬರೀ ಮೋಡಗಳನ್ನು ಬರೆದ ಮುದುಕನೊಬ್ಬನಿದ್ದನಲ್ಲ, ಅವನು ಮೊದಲು ಮುಖಗಳನ್ನೇ ಬರೆಯುತ್ತಿದ್ದನಂತೆ. ಅತ್ತೆಯ ಮುಖವನ್ನು ಇದ್ದದ್ದು ಇದ್ದ ಹಾಗೆ ಬರೆದ ದಿನ ಮನೆಯಲ್ಲಿ ನಡೆದದ್ದನ್ನು ಕಂಡು, ಇನ್ನು ಸತ್ತರೂ ಕಣ್ಣು ಮೂಗು ಇರುವ ವಸ್ತುವನ್ನು ಬರೆಯುವುದಿಲ್ಲ ಎಂದು ಆಕಾಶ ನೋಡಿದನಂತೆ. ಹಣ್ಣಿನ ಬುಟ್ಟಿಯ ಚಿತ್ರದಲ್ಲಿ ಕಿತ್ತಳೆ ಅರ್ಧ ಸುಲಿದಿರುವುದು ಕಲೆಯಲ್ಲವಂತೆ, ಚಿತ್ರಗಾರನ ಮಕ್ಕಳು ಸುಲಿದದ್ದಂತೆ. ಅವನು ಬೈದು ತಿರುಗುವಷ್ಟರಲ್ಲಿ ದ್ರಾಕ್ಷಿಯೂ ಹೋಗಿತ್ತಂತೆ, ಅದಕ್ಕೇ ಅಲ್ಲಿ ಬರೀ ಕಡ್ಡಿ. ಮೀನು ಬರೆದವನ ಕಥೆ ಕೇಳಿ ಕಾವಲುಗಾರ ಮೂಗು ಮುಚ್ಚಿಕೊಂಡ. ಚಿತ್ರ ಮುಗಿಯುವ ಮೊದಲು ಮೀನು ಕೊಳೆತು, ಅಕ್ಕಪಕ್ಕದವರು ಅವನನ್ನೂ ಮೀನನ್ನೂ ಒಟ್ಟಿಗೆ ಬೀದಿಗೆ ಹಾಕಿದರಂತೆ. ಉಳಿದ ಬಾಲವನ್ನು ಅವನು ಬೀದಿಯಲ್ಲೇ ಕೂತು ಬರೆದನಂತೆ.

ಕಾವಲುಗಾರ ಇವನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳುವವನಾಗಿದ್ದರೆ ಚಿಂತೆಯಿರಲಿಲ್ಲ. ಅವನು ಬಂದವರಿಗೆಲ್ಲ ಹಂಚತೊಡಗಿದ. ಕೇಳಿದವರು ಮಾರನೆಯ ವಾರ ಭಾವ ಮೈದುನರನ್ನು ಕರೆದುಕೊಂಡು ಬಂದರು. ಧೂಳು ಹಿಡಿದಿದ್ದ ಹಳಬರ ಕೋಣೆಯಲ್ಲಿ ಜನ ನಿಂತು ನಗುವಂತಾಯಿತು. ಪಾಪ, ಸತ್ತು ಎಷ್ಟೋ ಕಾಲವಾದ ಆ ದೊಡ್ಡವರೆಲ್ಲ ಮೇಲೆ ಕೂತು ತಮ್ಮ ಹೊಸ ಜೀವನಚರಿತ್ರೆಗಳನ್ನು ಕೇಳಿ ಏನೆಂದುಕೊಂಡರೋ, ಬಲ್ಲವನೊಬ್ಬನೇ ಬಲ್ಲ.

ಇತ್ತ ಇನ್ನೊಂಚೂರಪ್ಪ ಮೊದಲ ಸಲ ತುಟಿಯ ಕೊನೆಯನ್ನು ಕೂದಲೆಳೆಯಷ್ಟು ಮೇಲೆತ್ತಿ ಬಂದ. ಆ ದಿನ ಅವನಿಗೆ ಊಟ ರುಚಿಸಿತು. ಆದರೆ ಮುಂದಿನ ವಾರ ಹೋಗಿ ನೋಡಿದರೆ ಬಟಾಣಿಯವಳು ಮೊದಲಿನಂತೆಯೇ ಗುರಾಯಿಸುತ್ತಿದ್ದಳು. ನಗು ಮಾಯ.

ಮಾಯ ಮಾಡಿದವಳು ಹೊರಗಿನವಳಲ್ಲ. ಅವನ ಸೊಸೆ.

ಸೊಸೆಯ ಕೆಲಸವೇ ಅದು. ಚಿತ್ರಶಾಲೆಯ ಹಿಂದಿನ ಕೋಣೆಯಲ್ಲಿ ಕೂತು ಹಳೆಯ ಚಿತ್ರಗಳ ಮಸಿ ತೆಗೆಯುವುದು, ಬಿರುಕು ಮುಚ್ಚುವುದು, ಹರಿದ ಬಟ್ಟೆಗೆ ಬೆನ್ನಿನಿಂದ ತೇಪೆ ಹಾಕುವುದು. ನಾನು ಚಿತ್ರಗಳ ಆಯಾ, ಮೈ ಒರೆಸುತ್ತೇನೆ, ಅಲಂಕಾರ ಮಾಡುವುದಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಬರೆದವನು ಬಿಟ್ಟುಹೋದದ್ದಕ್ಕೆ ಒಂದು ಚುಕ್ಕೆ ಸೇರಿಸಬಾರದು, ಒಂದು ಚುಕ್ಕೆ ಕಳೆಯಬಾರದು ಎಂಬುದು ಅವಳಿಗೆ ಪೂಜೆಯಷ್ಟೇ ಕಟ್ಟುನಿಟ್ಟು. ಗಂಡ ಸರಕು ಹಡಗಿನಲ್ಲಿ ಕೆಲಸ ಮಾಡುತ್ತ ವರ್ಷದ ಬಹುಪಾಲು ನೀರಿನ ಮೇಲೆ ಇರುತ್ತಿದ್ದ. ಮನೆಯಲ್ಲಿ ಸೊಸೆ, ಮಾವ, ದೊಡ್ಡತ್ತೆ ಈ ಮೂರೇ ಜನ. ಹಾಗಾಗಿ ರಾತ್ರಿ ಊಟಕ್ಕೆ ಕೂತಾಗ ಚಿತ್ರಶಾಲೆಯ ಸುದ್ದಿ ಬರುವುದು ಸಹಜ.

ಯಾರೋ ತಲೆಕೆಟ್ಟವನು ಅತ್ತೆಯ ಚಿತ್ರಕ್ಕೆ ಬಣ್ಣ ಹಚ್ಚಿ ಹೋಗಿದ್ದಾನೆ ಎಂದು ಅವಳು ಹೇಳಿದಾಗ ಅಕ್ಕನಿಗೆ ಕೆಮ್ಮು ಬಂತು. ಇನ್ನೊಂಚೂರಪ್ಪ ರೊಟ್ಟಿ ಮುರಿಯುತ್ತ, ಯಾರಿಗೂ ಏನೂ ಅನ್ನಿಸಬಾರದೆಂಬ ಧಾಟಿಯಲ್ಲಿ, ನಗು ಹೇಗಿತ್ತು ಎಂದು ಕೇಳಿದ.

“ಹೇಗಿತ್ತು ಅಂದ್ರೆ? ಜಿಪುಣನಿಗೆ ಪಕ್ಕದ ಮನೆ ಊಟದ ವಾಸನೆ ಬಂದ ಹಾಗಿತ್ತು, ಮಾವ.”

ಆ ರಾತ್ರಿ ಅವನು ಕನ್ನಡಿಯ ಮುಂದೆ ಕೂತು ತುಟಿಯ ಕೊನೆಯನ್ನು ಎತ್ತಿ ಇಳಿಸಿ ಅಭ್ಯಾಸ ಮಾಡಿದ. ಮುಂದಿನ ವಾರ ಇನ್ನೊಂದು ನಗು ಬರೆದು ಬಂದ. ಅದು ಗಿರಾಕಿಯನ್ನು ಕಂಡ ಹಲ್ಲಿನ ಡಾಕ್ಟರನ ನಗು ಎಂದು ಸೊಸೆ ತೀರ್ಪು ಕೊಟ್ಟಳು. ಅದರ ಮುಂದಿನದು ನಿದ್ದೆಯಲ್ಲಿರುವ ಹಸುಗೂಸಿನದು. ಒಂದೊಂದನ್ನೂ ಹತ್ತಿಯಿಂದ ಒರೆಸಿ ತೆಗೆದೆ, ಪುಣ್ಯಕ್ಕೆ ಬಣ್ಣ ಇನ್ನೂ ಹಸಿಯೇ ಇರುತ್ತದೆ, ಒಣಗಿದ್ದರೆ ನನ್ನ ಗತಿ ಮುಗಿಯುತ್ತಿತ್ತು ಎಂದಳು.

ಹಸಿ ಇರದೆ ಏನು? ಅದು ಇನ್ನೊಂಚೂರಪ್ಪನ ಜೀವಮಾನದ ಅಭ್ಯಾಸದ ಫಲ. ಚಿತ್ರ ಮುಗಿಸಲು ಮನಸ್ಸಿಲ್ಲದವನಿಗೆ ಬಣ್ಣ ಒಣಗುವುದೇ ಶತ್ರು. ಅದಕ್ಕೆ ಅವನು ಬಣ್ಣಕ್ಕೆ ಎರಡು ತೊಟ್ಟು ಲವಂಗದ ಎಣ್ಣೆ ಬೆರೆಸುತ್ತಿದ್ದ. ಬೆರೆಸಿದರೆ ಬಣ್ಣ ವಾರಗಟ್ಟಲೆ ಒದ್ದೆಯಾಗಿರುತ್ತದೆ, ಇಷ್ಟ ಬಂದಾಗ ತಿದ್ದಬಹುದು. ಕಳ್ಳತನಕ್ಕೆ ಹೊರಟಾಗಲೂ ಕೈ ತಾನಾಗಿಯೇ ಎಣ್ಣೆಯ ಶೀಶೆಗೆ ಹೋಗುತ್ತಿತ್ತು. ಬೇಗ ಒಣಗಲಿ ಎಂದು ಬಯಸುವ ಬಣ್ಣಕ್ಕೆ ಒಣಗದಿರುವ ಮದ್ದನ್ನು ತಾನೇ ಹಾಕಿ, ಆಮೇಲೆ ಒಣಗಲಿಲ್ಲವಲ್ಲ ಎಂದು ಕೊರಗುವವನು ಭೂಮಿಯ ಮೇಲೆ ಅವನೊಬ್ಬನೇ ಇದ್ದಿರಬೇಕು. ಇನ್ನು ಹಾಕಬಾರದು ಎಂದು ನಿಶ್ಚಯಿಸಿಕೊಂಡ. ನಿಶ್ಚಯಿಸಿಕೊಂಡು, ಬಣ್ಣ ಕಲಸುತ್ತ, ಎರಡು ತೊಟ್ಟು ಹಾಕಿದ.

ಮನೆಯೆಲ್ಲ ಲವಂಗ ನಾರುತ್ತಿದ್ದುದಕ್ಕೆ ಅವನು ಹಲ್ಲುನೋವಿನ ನೆಪ ಹೇಳಿಕೊಂಡಿದ್ದ. ಒಂದು ಸಂಜೆ ಸೊಸೆ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅವನ ಎದುರು ಕೂತಳು. ಹಲ್ಲುನೋವು ಹೇಗಿದೆ ಎಂದು ಕೇಳಿದಳು. ತುಂಬಾ ಇದೆ ಕಣಮ್ಮ ಎಂದ.

“ಯಾವ ಹಲ್ಲು, ಮಾವ?”

ಅವನು ಬಾಯಿ ತೆರೆದು ತೋರಿಸಹೋದ. ಬಾಯಿಯಲ್ಲಿ ಹಲ್ಲು ಇರಲಿಲ್ಲ. ಇಡೀ ಸೆಟ್ಟು ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟದ ನೀರಿನಲ್ಲಿ ಕೂತು ಇಬ್ಬರನ್ನೂ ನೋಡಿ ಕಿಸಿಯುತ್ತಿತ್ತು. ಅವನು ಗಾಬರಿಯಲ್ಲಿ ಲೋಟದ ಕಡೆಗೇ ಬೆರಳು ಮಾಡಿ, ಬಲಗಡೆ ದವಡೆಯದು ಎಂದ.

ಸೊಸೆ ನಗಲಿಲ್ಲ. ಕೈಚೀಲದಿಂದ ಹತ್ತಿಯ ಉಂಡೆಯೊಂದನ್ನು ತೆಗೆದು ಅವನ ಮೂಗಿನ ಹತ್ತಿರ ಹಿಡಿದಳು. ಕೆಂಪು ಬಣ್ಣ ಅಂಟಿತ್ತು. ಲವಂಗದ ಘಾಟು ಹೊಡೆಯುತ್ತಿತ್ತು.

ಮುಖ್ಯಸ್ಥರಿಗೆ ಕಿಡಿಗೇಡಿಯ ವಿಷಯ ಗೊತ್ತಾಗಿದೆ, ಯಾರೆಂಬುದು ಗೊತ್ತಾಗಿಲ್ಲ ಎಂದು ಅವಳು ಹೇಳಿದಳು. ಕಾವಲುಗಾರನನ್ನು ಕರೆಸಿ ಬೆವರಿಳಿಸಿದ್ದಾರೆ. ಮತ್ತೊಮ್ಮೆ ನಡೆದರೆ ಅವನು ಮನೆಗೆ ಹೋಗಬೇಕಾಗುತ್ತದೆ. ನಾಳೆ ಚಿತ್ರವನ್ನು ಕೆಳಗಿಳಿಸಿ ಮುಂದೆ ಗಾಜು ಕೂರಿಸುವುದೆಂದು ತೀರ್ಮಾನವಾಗಿದೆ. ಕೂರಿಸಬೇಕಾದವಳು ಅವಳೇ. ಒಮ್ಮೆ ಕೂರಿಸಿದರೆ ಅವಳ ಕಾಲದಲ್ಲಂತೂ ಯಾರೂ ತೆಗೆಯುವುದಿಲ್ಲ.

ಇನ್ನೊಂಚೂರಪ್ಪ ಹೆಂಡತಿಗೆ ಕೊಟ್ಟ ಮಾತನ್ನು ಸೊಸೆಗೆ ಹೇಳಿದ. ಸೊಸೆ ಕೇಳಿಸಿಕೊಂಡಳು. ಅವಳ ಕಣ್ಣಲ್ಲಿ ನೀರು ಬಂತು, ಆದರೆ ತಲೆ ಅಲ್ಲಾಡಿಸಿದಳು.

“ಮಾವ, ನೀವು ಪ್ರತಿ ಸಲ ಬೇರೆ ಬೇರೆ ನಗು ಬರೆದಿದ್ರಿ. ಒಂದಾದ್ರೂ ಅತ್ತೇದು ಅನ್ನಿಸಿದ್ರೆ ನನ್ನ ಕೈ ನಡುಗ್ತಿತ್ತು. ನಡುಗಲಿಲ್ಲ.”

ಆ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ನಿಜ, ಅವನಿಗೆ ಆ ನಗು ಕೈಗೆ ಸಿಗುತ್ತಿರಲಿಲ್ಲ. ದಿನಾ ಕಂಡದ್ದನ್ನು ಕಣ್ಣು ಕಾದಿಡುವುದಿಲ್ಲ, ನಾಳೆಯೂ ಇರುತ್ತದೆಂದು ಬಿಟ್ಟುಬಿಡುತ್ತದೆ. ಆದರೂ ಮಾತು ಮಾತೇ. ಬೆಳಗ್ಗೆ ಬಂದು ಒಮ್ಮೆ ಹತ್ತಿರದಿಂದ ನೋಡಿಕೊಂಡು ಹೋಗಿ, ಕೈಯಲ್ಲಿ ಏನೂ ಇರಕೂಡದು ಎಂದು ಸೊಸೆ ಅಷ್ಟು ದಯೆ ತೋರಿಸಿದಳು. ಆಗಲಿ ಎಂದು ಅವನು ತಲೆಯಾಡಿಸಿದ. ಬಾಗಿಲ ಮರೆಯಲ್ಲಿ ನಿಂತಿದ್ದ ಅಕ್ಕನೂ ತಲೆಯಾಡಿಸಿದಳು.

ಬೆಳಗ್ಗೆ ಹಿಂದಿನ ಕೋಣೆಯಲ್ಲಿ ಚಿತ್ರವನ್ನು ಚೌಕಟ್ಟು ಬಿಚ್ಚಿ ಇಳಿಜಾರು ಮೇಜಿಗೆ ಒರಗಿಸಿದ್ದರು. ಗಾಜು ಕಂಬಳಿ ಸುತ್ತಿಕೊಂಡು ಗೋಡೆಗೆ ಆತುಕೊಂಡಿತ್ತು. ಕಾವಲುಗಾರ ಬಾಗಿಲಲ್ಲೇ ನಿಂತಿದ್ದ, ಮುಖ ಊದಿಕೊಂಡಿತ್ತು. ಸೊಸೆ ಮಾವನ ಕೋಟು ತಡವಿ ಒಂದು ಕುಂಚ ತೆಗೆದಳು. ಕಾಲುಚೀಲದಿಂದ ಇನ್ನೊಂದು ತೆಗೆದಳು. ಟೋಪಿಯೊಳಗೂ ನೋಡಿದಳು. ದೊಡ್ಡತ್ತೆಯ ಮೈ ತಡವುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ. ಅಷ್ಟರಲ್ಲಿ ಮುಖ್ಯಸ್ಥರು ಮೇಲಿನಿಂದ ಹೇಳಿ ಕಳಿಸಿದರೆಂದು, ಮುಟ್ಟಬೇಡಿ ಎಂದು ಎರಡೆರಡು ಸಲ ಎಚ್ಚರಿಸಿ ಹೊರಟಳು.

ಅವಳ ಹೆಜ್ಜೆಯ ಸದ್ದು ಮೆಟ್ಟಿಲಲ್ಲಿ ಅಡಗುತ್ತಲೂ ಅಕ್ಕ ತನ್ನ ಮುಡಿಗೆ ಕೈ ಹಾಕಿ ಕುಂಚವನ್ನು ಎಳೆದಳು. ನರೆತ ಕೂದಲು ಬೆನ್ನ ಮೇಲೆ ಬಿಚ್ಚಿಕೊಂಡಿತು. ಕುಂಚವನ್ನೂ ನಶ್ಯದ ಡಬ್ಬಿಯನ್ನೂ ತಮ್ಮನ ಕೈಗಿತ್ತು, ತಾನು ಬಾಗಿಲಿಗೆ ಹೋಗಿ ಕಾವಲುಗಾರನಿಗೂ ಚಿತ್ರಕ್ಕೂ ನಡುವೆ ನಿಂತಳು. ಆದರೆ ಅವನು ಇವತ್ತು ಹದವಾಗಿರಲಿಲ್ಲ. ನಿಮ್ಮ ಕಥೆ ಕೇಳಿ ಕೇಳಿ ನನ್ನ ಕೆಲಸಕ್ಕೇ ಸಂಚಕಾರ ಬಂದಿದೆ ತಾಯಿ, ಇವತ್ತು ಯಾವ ದೊಡ್ಡ ಮನುಷ್ಯನ ಚರಿತ್ರೆಯೂ ಬೇಡ ಎಂದು ಅವಳನ್ನು ಸರಿಸಿ ಒಳಗೆ ಇಣುಕಹೋದ.

ಅಕ್ಕನ ಉಗ್ರಾಣವೂ ಬರಿದಾಗಿತ್ತು. ಹಳಬರ ಕೋಣೆಯಲ್ಲಿ ಅವಳು ಮಾನ ಕಳೆಯದ ಚಿತ್ರಗಾರ ಒಬ್ಬನೂ ಉಳಿದಿರಲಿಲ್ಲ. ಅವಳು ಕಾವಲುಗಾರನ ತೋಳು ಹಿಡಿದಳು.

“ಸತ್ತವರದ್ದಲ್ಲಪ್ಪ. ಈ ಚಿತ್ರದ್ದೇ. ಇವನು ಇದನ್ನ ಬರೆದ ದಿನ ನಾನು ಅಲ್ಲೇ ಇದ್ದೆ.”

ಕಾವಲುಗಾರ ನಿಂತ. ಇನ್ನೊಂಚೂರಪ್ಪ ಆಗಲೇ ಬಣ್ಣ ತೆಗೆದು ಕುಂಚದ ತುದಿಯನ್ನು ಚೂಪು ಮಾಡಿಕೊಂಡಿದ್ದ. ಬೆನ್ನ ಹಿಂದೆ ಅಕ್ಕನ ದನಿ ಕೇಳುತ್ತಿತ್ತು, ಅವನು ಅತ್ತ ಗಮನ ಕೊಡಲಿಲ್ಲ.

ನಾನು ಆಗ ತಮ್ಮನ ಮನೆಗೆ ನಾಲ್ಕು ದಿನ ಇರಲೆಂದು ಬಂದಿದ್ದೆ ಎಂದು ಅಕ್ಕ ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ಇವನ ಹಿಂದೆ ಒಲೆಯ ಪಕ್ಕ ಕೂತಿದ್ದೆ. ಎದುರಿಗೆ ಇವನ ಹೆಂಡತಿ ಬಟಾಣಿ ಇಟ್ಟುಕೊಂಡು ಕೂತಿದ್ದಳು. ಇವನು ಕೆಂಪು ಶಾಲಿನ ಬಣ್ಣ ಕಲಸಿ ಮುಗಿಸಿ ಮುಖಕ್ಕೆ ಬಂದಿದ್ದ. ಮೂಗು ನವೆಯಾಯಿತೋ ಏನೋ, ಕುಂಚ ಹಿಡಿದ ಕೈಯಿಂದಲೇ ಉಜ್ಜಿಕೊಂಡ. ಮೂಗಿನ ತುದಿಗೆ ದಪ್ಪ ಕೆಂಪು ಬೊಟ್ಟು ಕೂತಿತು. ಇವನಿಗೆ ಗೊತ್ತಾಗಲಿಲ್ಲ. ಆ ಮೂಗು ಇಟ್ಟುಕೊಂಡೇ, ದೊಡ್ಡ ಗುರುಗಳ ಹಾಗೆ, ಕಲೆ ಅಂದರೆ ತಪಸ್ಸು, ಅಲ್ಲಾಡಬೇಡ ಎಂದು ಅವಳಿಗೆ ಉಪದೇಶ ಮಾಡಿದ.

“ಅವಳು ಇನ್ನೇನು ಹೇಳಿಬಿಡ್ತಿದ್ಲು. ನಾನು ಹಿಂದಿನಿಂದ ಬೆರಳು ಬಾಯಿಗಿಟ್ಟು, ಹೇಳಬೇಡ ಅಂತ ಸನ್ನೆ ಮಾಡಿದೆ. ಆಮೇಲೆ ಪಾಪ, ಹೊತ್ತು ಮುಳುಗೋತನಕ ತುಟಿ ಕಚ್ಚಿಕೊಂಡು ಕೂತಳಪ್ಪ. ಇವನು ತಲೆ ಎತ್ತಿದಾಗೆಲ್ಲ ಆ ಮೂಗು. ತುಟಿ ನಡುಗಿಸಬೇಡ ಅಂತ ಇವನು ಬೈಯೋದು ಬೇರೆ.”

ಕಾವಲುಗಾರನ ಹೊಟ್ಟೆ ಕುಲುಕತೊಡಗಿತು. ಮಧ್ಯದಲ್ಲಿ ಬಾಗಿಲು ಬಡಿದ ಹಾಲಿನವಳ ಮುಂದೆಯೂ ಅದೇ ಮೂಗಿನಲ್ಲಿ ಗಂಭೀರವಾಗಿ ಹೋಗಿ ನಿಂತನೆಂದೂ, ಸಂಜೆ ಕನ್ನಡಿ ನೋಡಿಕೊಂಡು ಈಗ ತಾನೇ ತಾಗಿರಬೇಕೆಂದು ಒರೆಸಿಕೊಂಡನೆಂದೂ ಅಕ್ಕ ಹೇಳಿ ಮುಗಿಸಿದಳು.

ಕುಂಚದ ತುದಿ ತುಟಿಯಿಂದ ಕೂದಲೆಳೆಯ ದೂರದಲ್ಲಿ ನಿಂತಿತ್ತು. ಇನ್ನೊಂಚೂರಪ್ಪ ತಿರುಗಿದ.

“ಅಕ್ಕ, ಇದು ಕಟ್ಟಿದ್ದಾ, ನಡೆದದ್ದಾ?”

“ಕಟ್ಟೋದಾಗಿದ್ರೆ ಇನ್ನೂ ಚೆನ್ನಾಗಿ ಕಟ್ತಿದ್ದೆ ಕಣೋ.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಹೇಳಬಾರದು ಅಂತ ಅವಳು ನನ್ನ ಹತ್ರ ಮಾತು ತಗೊಂಡಿದ್ಲು. ಸಿಡುಕಿ ಮಾಡಿದ್ರಿ ಅಂತ ನಿನ್ನ ಗೋಳು ಹುಯ್ಕೊಳ್ಳೋದ್ರಲ್ಲಿ ಅವಳಿಗೆ ಎಷ್ಟು ಸುಖ ಇತ್ತು ಅಂತ ನಿನಗೇನು ಗೊತ್ತು.”

“ಮತ್ತೆ ಹೋಗುವಾಗ ನಗಿಸಿಬಿಡಿ ಅಂದಳಲ್ಲ?”

ಅಕ್ಕ ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡಳು. ನೀನೇ ಹೋಗಿ ನೋಡಲಿ ಅಂತ ಇದ್ದೀತು, ನಿಜಕ್ಕೂ ನಗು ಬೇಕು ಅಂತಲೂ ಇದ್ದೀತು, ಅವಳು ಯಾವಾಗಲೂ ನನಗಿಂತ ಎರಡು ಹೆಜ್ಜೆ ಮುಂದೆ, ನಾನೇನು ಬಲ್ಲೆ ಎಂದಳು. ಹಾಗಾದರೆ ಎಲ್ಲಾ ಗೊತ್ತಿದ್ದೂ ನನ್ನ ಜೊತೆ ಕಳ್ಳತನಕ್ಕೆ ಯಾಕೆ ಬಂದೆ ಎಂದು ಅವನು ಕೇಳಿದ.

“ನೀನು ಆ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕಳ್ಳತನಕ್ಕಾದ್ರೂ ಎದ್ದೆಯಲ್ಲ ಅಂತ ಬಂದೆ.”

ಇನ್ನೊಂಚೂರಪ್ಪ ಮತ್ತೆ ಚಿತ್ರದ ಕಡೆ ತಿರುಗಿದ. ಅಕ್ಕನ ಮಾತನ್ನು ನಂಬುವುದು ಹೇಗೆ? ಮೋಡದವನಿಗೆ ಅತ್ತೆಯನ್ನು ಗಂಟು ಹಾಕಿದ ನಾಲಿಗೆ ಅದು. ಆದರೆ ಅವನ ಮುಂದೆ ಇನ್ನೊಬ್ಬ ಸಾಕ್ಷಿ ಇದ್ದ. ಅವತ್ತಿನ ಅವನೇ. ಏನನ್ನು ನೋಡುತ್ತಿದ್ದೇನೆಂದು ತಿಳಿಯದೆ, ಕಂಡದ್ದನ್ನು ಕಂಡಂತೆ ಬರೆದಿಟ್ಟ ಪೆದ್ದ. ಕೆಳದುಟಿಯ ಅಂಚು ಒಳಕ್ಕೆ ಮಡಚಿಕೊಂಡಿತ್ತು, ಹಲ್ಲು ಅದನ್ನು ಹಿಡಿದಿತ್ತು. ಗಲ್ಲದಲ್ಲಿ ಸಣ್ಣ ಸಣ್ಣ ಕುಳಿ. ಮೂಗಿನ ಹೊಳ್ಳೆ ಅರಳಿತ್ತು. ಕಣ್ಣಿನ ಕೆಳಗಿನ ರೆಪ್ಪೆಯ ಮೇಲೆ ತೆಳ್ಳನೆಯ ನೀರಿನ ಗೆರೆ. ಬಲ್ಲವರು ಅದನ್ನೇ ತೋರಿಸಿ ಹೆಣ್ಣಿನ ಕಣ್ಣೀರು ಎನ್ನುತ್ತಿದ್ದುದು. ಬೆರಳುಗಳ ನಡುವಿನ ಬಟಾಣಿ ಸಿಪ್ಪೆ ಜಜ್ಜಿಹೋಗಿತ್ತು, ಅಷ್ಟು ಬಿಗಿಯಾಗಿ ಹಿಡಿದಿದ್ದಳು. ಇನ್ನು ಒಂದೇ ಒಂದು ಉಸಿರು, ಆಮೇಲೆ ಅವಳು ಹೋ ಎಂದು ನಕ್ಕುಬಿಡುತ್ತಾಳೆ, ಬಟಾಣಿಯೆಲ್ಲ ಅಡುಗೆಮನೆಯ ತುಂಬ ಚೆಲ್ಲುತ್ತದೆ. ಆ ಉಸಿರಿಗೆ ಮುಂಚೆಯೇ ಅವನು ಅವಳನ್ನು ಹಿಡಿದಿಟ್ಟಿದ್ದ. ಅವಳು ಅಲ್ಲಿ ಸಿಡುಕಿ ಕೂತಿರಲೇ ಇಲ್ಲ.

ಅವನು ಬಹಳ ಹೊತ್ತು ಹಾಗೇ ನಿಂತ. ದೇವರ ಮುಂದೆ ಕೂಡ ಅಷ್ಟು ಸುಮ್ಮನೆ ನಿಂತವನಲ್ಲ. ಆಮೇಲೆ ಅವನ ಕಣ್ಣು ಅವಳ ಮುಖ ಬಿಟ್ಟು ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಮೊಳೆಗೆ ತಾಮ್ರದ ಪಾತ್ರೆಯೊಂದು ತೂಗುತ್ತಿತ್ತು. ಅದರ ಹೊಳೆಯುವ ಹೊಟ್ಟೆಯಲ್ಲಿ ಕಿಟಕಿಯ ಪ್ರತಿಬಿಂಬ, ಕಿಟಕಿಯ ಪಕ್ಕದಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಮನುಷ್ಯ, ಕೈಯಲ್ಲಿ ಕುಂಚ. ಹಿಂದಿನ ಅನೇಕ ಚಿತ್ರಗಾರರು ಹೀಗೆ ತಮ್ಮನ್ನು ತಾವೇ ಚಿತ್ರದೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ಪ್ರಾಯದ ಹುಮ್ಮಸ್ಸಿನಲ್ಲಿ ಅವನೂ ಬಚ್ಚಿಟ್ಟುಕೊಂಡಿದ್ದ. ಪುಟ್ಟ ಮನುಷ್ಯ ಬಹಳ ಠೀವಿಯಿಂದ ನಿಂತಿದ್ದ. ಅವನ ಮೂಗು ಸ್ವಚ್ಛವಾಗಿತ್ತು.

ಇನ್ನೊಂಚೂರಪ್ಪ ಉಸಿರು ಹಿಡಿದು, ಬಾಗಿ, ಆ ಮೂಗಿನ ತುದಿಗೆ ಸಾಸಿವೆಗಿಂತ ಸಣ್ಣ ಒಂದು ಕೆಂಪು ಬೊಟ್ಟು ಇಟ್ಟ.

ಹಿಂದಿನಿಂದ ಕಾವಲುಗಾರ ಅಯ್ಯೋ ಎಂದ. ಬಾಗಿಲಲ್ಲಿ ಸೊಸೆ ನಿಂತಿದ್ದಳು.

ಅವಳು ನೇರವಾಗಿ ಬಂದು ಭೂತಗನ್ನಡಿ ಎತ್ತಿಕೊಂಡು ಮೊದಲು ತುಟಿಯನ್ನು ನೋಡಿದಳು. ತುಟಿ ಇದ್ದಂತೆಯೇ ಇತ್ತು. ಅವಳ ಹೆಗಲು ಸ್ವಲ್ಪ ಇಳಿಯಿತು. ಆಮೇಲೆ ಭೂತಗನ್ನಡಿ ಶಾಲಿನ ಮೇಲೆ, ಬಟಾಣಿಯ ಮೇಲೆ, ಗೋಡೆಯ ಮೇಲೆ ಹರಿದಾಡಿ ಪಾತ್ರೆಯ ಹತ್ತಿರ ಬಂದು ನಿಂತಿತು. ಕೈ ತಾನಾಗಿಯೇ ಹತ್ತಿಯ ಕಡೆ ಹೋಯಿತು.

“ಇದೇನು, ಮಾವ?”

“ಅವತ್ತಿನದೇ ಕಣಮ್ಮ. ಹಾಕೋದು ಬಿಟ್ಟುಹೋಗಿತ್ತು.”

ಅವಳು ಅವನ ಮುಖ ನೋಡಿದಳು. ಕಾವಲುಗಾರ ಇನ್ನು ತಡೆಯಲಾರದೆ, ಹಾಲಿನವಳನ್ನೂ ಬಿಡದೆ, ಎಲ್ಲವನ್ನೂ ಒಂದೇ ಉಸಿರಿಗೆ ಅವಳಿಗೆ ಒಪ್ಪಿಸಿದ. ಅಕ್ಕ ಮೊದಲ ಸಲ ತನ್ನ ಕಥೆಗೆ ತಾನೇ ಏನೂ ಸೇರಿಸದೆ ನಿಂತಿದ್ದಳು. ಸೊಸೆ ಹತ್ತಿಯನ್ನು ಹಿಡಿದುಕೊಂಡೇ ಮತ್ತೆ ಬಗ್ಗಿ ಅತ್ತೆಯ ಮುಖ ನೋಡಿದಳು. ಆ ತುಟಿಯನ್ನು ಅವಳು ಎಷ್ಟು ಸಲ ಒರೆಸಿದ್ದಳೋ, ಆದರೆ ಈಗ ನೋಡಿದ ಹಾಗೆ ನೋಡಿರಲಿಲ್ಲ. ಭೂತಗನ್ನಡಿ ಅವಳ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು.

ಮೂವರೂ ಕಾದರು. ಅವಳು ಹತ್ತಿಯ ಉಂಡೆಯನ್ನು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿ, ಗಾಜಿಗೂ ಚಿತ್ರಕ್ಕೂ ನಡುವೆ ಕೂರಿಸಲು ತಂದಿಟ್ಟಿದ್ದ ತೆಳ್ಳನೆಯ ಮರದ ಪಟ್ಟಿಗಳನ್ನು ಒಮ್ಮೆ ಬೆರಳಲ್ಲಿ ಅಳೆದು, ಪಕ್ಕಕ್ಕೆ ತಳ್ಳಿದಳು.

“ಇನ್ನೂ ದಪ್ಪದ ಪಟ್ಟಿ ತಗೊಂಡು ಬನ್ನಿ,” ಎಂದು ಕಾವಲುಗಾರನಿಗೆ ಹೇಳಿದಳು. “ಗಾಜು ತಾಗಬಾರದು. ಮೂಗು ಒಣಗೋಕೆ ಜಾಗ ಬೇಕು.”